ಮನೆಯ ಹುಳವೋ, ಹಾರಿ ಬಂದ ಹುಳವೋ? ಚಾಗಸ್ ತಡೆಗೆ ಯಾವ ಮನೆಗೆ ಯಾವ ದಾರಿ

ಮಲಗುವ ಕೋಣೆಯ ಗೋಡೆಯ ಮೇಲೆ ಚಾಗಸ್ ರೋಗ ಹರಡುವ, ರಕ್ತ ಹೀರುವ ಕಿಸ್ಸಿಂಗ್ ಬಗ್ ಎಂಬ ಹುಳ ಒಂದು ಕಂಡಿತು ಎಂದಿಟ್ಟುಕೊಳ್ಳಿ. ಔಷಧಿ ಹೊಡೆಸಬೇಕೇ, ಗೋಡೆಗೆ ಗಿಲಾವು ಮಾಡಿಸಬೇಕೇ, ಕಿಟಕಿಗೆ ಜಾಲರಿ ಹಾಕಿಸಬೇಕೇ, ಕೋಳಿಗೂಡನ್ನು ದೂರ ಸಾಗಿಸಬೇಕೇ? ನಾಲ್ಕೂ ಪರೀಕ್ಷೆಗೆ ನಿಂತ ಉಪಾಯಗಳೇ. ಆದರೆ ಬೊಲಿವಿಯಾದ ಮಣ್ಣಿನ ಮನೆಗೆ ಒಗ್ಗಿದ್ದು ಟೆಕ್ಸಸ್‌ನ ಮನೆಗೆ ದಂಡ. ಟೆಕ್ಸಸ್‌ನಲ್ಲಿ ಸಾಕಾಗುವುದು ಬೊಲಿವಿಯಾದಲ್ಲಿ ಏನೇನೂ ಸಾಲದು. ಆಯ್ಕೆಗೆ ಮುಂಚೆ ಒಂದು ಪ್ರಶ್ನೆಗೆ ಉತ್ತರ ಸಿಗಬೇಕು: ಆ ಹುಳ ಮನೆಯೊಳಗೇ ಮೊಟ್ಟೆಯಿಟ್ಟು ಸಂಸಾರ ಹೂಡಿದೆಯೋ, ಇಲ್ಲ ರಾತ್ರಿ ದೀಪಕ್ಕೆ ಹಾರಿ ಬಂದದ್ದೋ?

ಈ ಪ್ರಶ್ನೆ ಇಷ್ಟು ಮುಖ್ಯವಾಗುವುದು ರೋಗ ದಾಟುವ ಬಗೆಯಿಂದ. ಬ್ರೆಜಿಲ್‌ನ ವೈದ್ಯ ಕಾರ್ಲೋಸ್ ಚಾಗಸ್ 1909ರಲ್ಲಿ ಮಿನಾಸ್ ಜೆರೈಸ್ ರಾಜ್ಯದ ಲಾಸಾನ್ಸ್ ಎಂಬ ಊರಿನಲ್ಲಿ ಗುರುತಿಸಿದ ಈ ಕಾಯಿಲೆಗೆ ಕಾರಣ ಟ್ರಿಪನೊಸೋಮಾ ಕ್ರೂಜಿ ಎಂಬ ಪರಾವಲಂಬಿ. ಅದು ಇರುವುದು ಹುಳದ ಹಿಕ್ಕೆಯಲ್ಲಿ. ಸೊಳ್ಳೆಯ ಮಲೇರಿಯಾದಂತೆ ಜೊಲ್ಲಿನಲ್ಲಲ್ಲ. ಹುಳ ರಕ್ತ ಹೀರುತ್ತ ಅಲ್ಲೇ ಹಿಕ್ಕೆ ಹಾಕುತ್ತದೆ. ನಿದ್ದೆಗಣ್ಣಿನಲ್ಲಿ ಕೆರೆದುಕೊಂಡಾಗ ಅದು ಗಾಯಕ್ಕೋ ಕಣ್ಣಿಗೋ ಬಾಯಿಗೋ ಸೇರಬೇಕು. ಇದು ಸುಲಭದಲ್ಲಿ ಆಗುವಂಥದ್ದಲ್ಲ: ಸೋಂಕಿರುವ ಹುಳ ಸಾವಿರದ ಆಸುಪಾಸು, ಕೆಲವೊಮ್ಮೆ ಅದಕ್ಕೂ ಎಷ್ಟೋ ಹೆಚ್ಚು ಸಲ ಕಚ್ಚಿದಾಗ ಒಮ್ಮೆ ಸೋಂಕು ದಾಟುತ್ತದೆ ಎಂಬುದು ಲೆಕ್ಕಾಚಾರ. ಹಾಗಾಗಿ ಅಪರೂಪಕ್ಕೆ ಹಾರಿ ಬಂದ ಒಂದು ಹುಳಕ್ಕೂ, ಗೋಡೆಯ ಸಂದಿನಲ್ಲಿ ನೂರಾರು ಸಂಖ್ಯೆಯಲ್ಲಿ ನೆಲೆಸಿ ವರ್ಷಗಟ್ಟಲೆ ಪ್ರತಿ ರಾತ್ರಿ ಇಳಿದುಬರುವ ಗುಂಪಿಗೂ ಹೋಲಿಕೆಯೇ ಇಲ್ಲ. ಸೋಂಕು ತಗಲಿದವರಲ್ಲಿ ಸುಮಾರು ಮೂರನೇ ಒಂದು ಭಾಗದಷ್ಟು ಜನರಿಗೆ ಹತ್ತಾರು ವರ್ಷಗಳ ನಂತರ ಹೃದಯ ಹಿಗ್ಗುತ್ತದೆ, ಬಡಿತದ ಲಯ ತಪ್ಪುತ್ತದೆ. ಕೆಲವರಿಗೆ ಅನ್ನನಾಳವೋ ದೊಡ್ಡ ಕರುಳೋ ಊದಿಕೊಳ್ಳುತ್ತದೆ. ಮೊದಲ ವಾರಗಳಲ್ಲಿ ಬಹುತೇಕರಿಗೆ ಏನೂ ಗೊತ್ತೇ ಆಗುವುದಿಲ್ಲ. ಮನೆಯ ಹುಳವನ್ನು ಹಗುರವಾಗಿ ತೆಗೆದುಕೊಳ್ಳಬಾರದು ಎನ್ನುವುದು ಅದಕ್ಕೇ.

ಹುಳ ಅದೇ ಹೌದೇ?

ತಿಗಣೆ ಎಂದರೆ ನಮಗೆ ಮಂಚದ ತಿಗಣೆಯೇ ನೆನಪಾಗುವುದು. ಅದು 5 ಮಿಲಿಮೀಟರ್‌ನ, ರೆಕ್ಕೆಯಿಲ್ಲದ ಚಪ್ಪಟೆ ಹುಳ. ಕಿಸ್ಸಿಂಗ್ ಬಗ್ ಅದರ ದೂರದ ನೆಂಟ. ಬೆಳೆದದ್ದು 2ರಿಂದ 3 ಸೆಂಟಿಮೀಟರ್ ಇರುತ್ತದೆ, ಬೆನ್ನ ಮೇಲೆ ರೆಕ್ಕೆ ಮಡಚಿರುತ್ತದೆ, ಹೊಟ್ಟೆಯ ಅಂಚಿನಲ್ಲಿ ಹಳದಿ, ಕಿತ್ತಳೆ ಅಥವಾ ಕೆಂಪು ಪಟ್ಟೆಗಳಿರುತ್ತವೆ. ಪಟ್ಟೆ ನೋಡಿ ತೀರ್ಮಾನಿಸಿದರೆ ಮೋಸ ಹೋಗುತ್ತೀರಿ, ಎಷ್ಟೋ ನಿರುಪದ್ರವಿ ಹುಳಗಳಿಗೂ ಅವು ಇವೆ. ಹುಳವನ್ನು ಗಾಜಿನ ಡಬ್ಬಿಯಲ್ಲಿ ಹಾಕಿ ಪಕ್ಕದಿಂದ ಸೊಂಡಿಲು ನೋಡಿ. ಕಿಸ್ಸಿಂಗ್ ಬಗ್‌ನದು ಮೂರು ಗೆಣ್ಣಿನ, ನೇರವಾದ, ತಲೆಯ ಅಡಿಗೆ ಮಡಚಿಕೊಂಡ ಸೊಂಡಿಲು. ಬೇರೆ ಕೀಟಗಳನ್ನು ತಿನ್ನುವ ಅದರ ಸೋದರಸಂಬಂಧಿಗಳಿಗೆ ಗಿಡ್ಡವಾದ, ಬಿಲ್ಲಿನಂತೆ ಬಾಗಿದ ಸೊಂಡಿಲು. ಗಿಡದ ರಸ ಹೀರುವವಕ್ಕೆ ನಾಲ್ಕು ಗೆಣ್ಣಿನ, ಎದೆಯಿಂದಾಚೆಗೂ ಚಾಚುವ ತೆಳ್ಳನೆಯ ಸೊಂಡಿಲು. ಅಮೆರಿಕದಲ್ಲಿ ಜನ ಹೆದರಿ ಹಿಡಿದು ತರುವ ಹುಳಗಳಲ್ಲಿ ಈ ಕೊನೆಯ ಎರಡು ಬಗೆಯವೂ ಬಹಳ.

ಕರ್ನಾಟಕದಲ್ಲಿ ಕುಳಿತು ಓದುತ್ತಿರುವವರಿಗೆ ಒಂದು ಮಾತು. ಭಾರತದಲ್ಲೂ ಈ ಗುಂಪಿನ ಹುಳಗಳಿವೆ. ಲಿನ್ಶ್‌ಕೋಸ್ಟಿಯಸ್ ಎಂಬ ಇಡೀ ಕುಲ ಭಾರತಕ್ಕೇ ಸೀಮಿತ. ಟ್ರಯಾಟೋಮಾ ರುಬ್ರೋಫಾಸಿಯಾಟಾ ಎಂಬುದು ಹಡಗುಗಳಲ್ಲಿ ಇಲಿಗಳ ಜೊತೆ ಲೋಕವೆಲ್ಲ ಸುತ್ತಿ, ಇಲಿಯಿರುವ ಕಡೆ ಮನೆ ಮಾಡಿಕೊಂಡಿದೆ. ಇಲ್ಲಿ ಅದು ಹೊತ್ತಿರುವುದು ಇಲಿಯ ಬೇರೊಂದು ಪರಾವಲಂಬಿಯನ್ನು. ಚಾಗಸ್ ಅದರಿಂದ ಇಲ್ಲಿ ಹರಡುತ್ತಿಲ್ಲ. ಕಚ್ಚಿದರೆ ಕೆಲವರಿಗೆ ತೀವ್ರ ಅಲರ್ಜಿ ಆಗುವುದುಂಟು, ಅದಕ್ಕೆ ಮದ್ದು ಮನೆಯ ಇಲಿ ತೊಲಗಿಸುವುದು. ಈ ಬರಹದ ಉಳಿದ ಭಾಗ ಲ್ಯಾಟಿನ್ ಅಮೆರಿಕದ ಮನೆಗಳ ಬಗ್ಗೆ, ಮತ್ತು ಟೆಕ್ಸಸ್, ಅರಿಜೋನಾ, ಕ್ಯಾಲಿಫೋರ್ನಿಯಾದಲ್ಲಿ ನೆಲೆಸಿರುವ ನಮ್ಮವರ ಮನೆಗಳ ಬಗ್ಗೆ.

ನೆಲೆಸಿದೆಯೋ ಇಲ್ಲವೋ ತಿಳಿಯುವುದು ಹೇಗೆ

ರೆಕ್ಕೆಯಿರುವ ಹುಳ ಎಲ್ಲಿಂದಲಾದರೂ ಬಂದಿರಬಹುದು. ರೆಕ್ಕೆ ಬಾರದ ಮರಿ ಹಾರಿ ಬರಲಾರದು. ಮೊಟ್ಟೆಯಿಂದ ಹೊರಬಂದ ಮೇಲೆ ಅದು ಐದು ಸಲ ಪೊರೆ ಬಿಡುತ್ತ ಬೆಳೆಯುತ್ತದೆ, ಪ್ರತಿ ಹಂತಕ್ಕೂ ರಕ್ತ ಬೇಕು. ಆದ್ದರಿಂದ ಕೋಣೆಯಲ್ಲಿ ಮರಿ, ಒಣ ಪೊರೆ ಅಥವಾ ಮೊಟ್ಟೆ ಸಿಕ್ಕರೆ ಹುಳ ನೆಲೆಸಿದೆ ಎಂದೇ ಲೆಕ್ಕ. ಗೋಡೆಯ ಮೇಲಿಂದ ಕೆಳಕ್ಕೆ ಇಳಿದ ಕಪ್ಪು ಮತ್ತು ಬಿಳಿ-ಹಳದಿ ಹಿಕ್ಕೆಯ ಗೆರೆಗಳು ಇನ್ನೊಂದು ಗುರುತು.

ಹುಡುಕುವಾಗ ಟಾರ್ಚು, ಚಿಮಟ, ಕೈಗವಸು, ಮುಚ್ಚಳದ ಡಬ್ಬಿ ಇರಲಿ. ಮಂಚದ ತಲೆದಿಸೆಯ ಗೋಡೆಯಿಂದ ಶುರುಮಾಡಿ. ತೂಗುಹಾಕಿದ ಚಿತ್ರ, ಕ್ಯಾಲೆಂಡರ್‌ಗಳ ಹಿಂಭಾಗ, ಹಾಸಿಗೆಯ ಹೊಲಿಗೆ, ಗೋಡೆ-ಸೂರು ಕೂಡುವ ಮೂಲೆ, ಬಟ್ಟೆ ಪೆಟ್ಟಿಗೆಯ ಅಡಿ ನೋಡಿ. ಆರೋಗ್ಯ ಕಾರ್ಯಕರ್ತರ ರೂಢಿ ಮನೆಗೊಬ್ಬರಂತೆ ಒಂದು ಗಂಟೆ. ಸಂದಿನೊಳಗಿನ ಹುಳ ಹೊರಬರಲು ಶೇ. 0.2ರ ಟೆಟ್ರಾಮೆತ್ರಿನ್ ಸಿಂಪಡಿಸುತ್ತಾರೆ; ಅದು ಕೊಲ್ಲುವುದಕ್ಕಿಂತ ಹೆಚ್ಚಾಗಿ ಹುಳವನ್ನು ಕೆರಳಿಸಿ ಓಡಿಸುತ್ತದೆ. ಒಂದು ಗಂಟೆ ಹುಡುಕಿಯೂ ಏನೂ ಸಿಗದಿದ್ದರೆ ಹುಳ ಇಲ್ಲವೆಂದಲ್ಲ. ಗುಂಪು ಚಿಕ್ಕದಿದ್ದಾಗ ಕಣ್ತಪ್ಪುವುದು ಸಾಮಾನ್ಯ. ಆಗ ಮಂಚದ ಪಕ್ಕದ ಗೋಡೆಗೆ, ಮಡಚಿದ ಕಾಗದ ತುಂಬಿದ ತೂತುಗಳ ರಟ್ಟಿನ ಪೆಟ್ಟಿಗೆಯೊಂದನ್ನು ಹೊಡೆದು ಕೆಲವು ತಿಂಗಳು ಬಿಡುವುದು ಅಗ್ಗದ, ತಾಳ್ಮೆಯ ದಾರಿ. ಹುಳ ಅದರಲ್ಲಿ ಅಡಗಿದರೆ ಕಾಗದದ ಮೇಲೆ ಹಿಕ್ಕೆ ಉಳಿಯುತ್ತದೆ.

ಯಾವ ಹುಳ, ಎಲ್ಲಿ ಅಡಗುತ್ತದೆ

ಈ ಉಪಕುಟುಂಬದಲ್ಲಿ ನೂರೈವತ್ತಕ್ಕೂ ಹೆಚ್ಚು ಪ್ರಭೇದಗಳಿವೆ. ಮನೆಯ ಮಟ್ಟಿಗೆ ತಲೆಕೆಡಿಸಿಕೊಳ್ಳಬೇಕಾದವು ಬೆರಳೆಣಿಕೆಯಷ್ಟು.

ದಕ್ಷಿಣದ ದೇಶಗಳಲ್ಲಿ, ಅಂದರೆ ಬೊಲಿವಿಯಾ, ಅರ್ಜೆಂಟೀನಾ, ಪರಾಗ್ವೆ, ದಕ್ಷಿಣ ಪೆರುವಿನಲ್ಲಿ, ಮುಖ್ಯವಾದದ್ದು ಟ್ರಯಾಟೋಮಾ ಇನ್‌ಫೆಸ್ಟಾನ್ಸ್. ಜನರ ಬಾಯಲ್ಲಿ ವಿಂಚುಕಾ. ಅಡೋಬೆ ಎಂಬ ಹಸಿ ಮಣ್ಣಿನ ಇಟ್ಟಿಗೆಯ ಬಿರುಕು, ಮಣ್ಣು ಮೆತ್ತಿದ ತಡಿಕೆ ಗೋಡೆ, ಹುಲ್ಲು ಮಾಡು, ಕೋಳಿಗೂಡು, ಮೇಕೆ ದೊಡ್ಡಿ ಎಲ್ಲವೂ ಅದಕ್ಕೆ ಮನೆಯೇ. ಬೊಲಿವಿಯಾದ ಆಂಡೀಸ್ ಕಣಿವೆಗಳ ಕಲ್ಲಿನಡಿಯಲ್ಲಿ ಕಾಡಿನ ಬದುಕು ಉಳಿಸಿಕೊಂಡಿರುವ ಈ ಹುಳ, ಅಲ್ಲಿಂದ ದೂರ ಹೋದಂತೆ ಬಹುಪಾಲು ಮನೆಯನ್ನೇ ನಂಬಿಕೊಂಡಿತು. ಅದೇ ಅದರ ದೌರ್ಬಲ್ಯವಾಯಿತು. 1991ರಲ್ಲಿ ದಕ್ಷಿಣದ ದೇಶಗಳು ಕೂಡಿ ಮನೆಮನೆಗೂ ಔಷಧಿ ಹೊಡೆಯಲು ಹೊರಟಾಗ, ಕಾಡಿನಿಂದ ಮರಳಿ ಬರುವ ಹುಳವಿಲ್ಲದ ಕಡೆ ಅದು ಅಳಿಯಿತು. ಈ ಹುಳದಿಂದ ರೋಗ ಹರಡುವುದು ಉರುಗ್ವೆಯಲ್ಲಿ 1997ರಲ್ಲಿ, ಚಿಲಿಯಲ್ಲಿ 1999ರಲ್ಲಿ, ಬ್ರೆಜಿಲ್‌ನಲ್ಲಿ 2006ರಲ್ಲಿ ನಿಂತಿತೆಂದು ಘೋಷಣೆಯಾಯಿತು.

ರೋಡ್ನಿಯಸ್ ಪ್ರೋಲಿಕ್ಸಸ್‌ದು ಇದೇ ಪಾಠದ ಎರಡು ಮುಖ. ತಾಳೆಗರಿಯ ಮಾಡು ಅದರ ಪ್ರೀತಿಯ ನೆಲೆ. ಮೊಟ್ಟೆಯನ್ನು ಗರಿಗೆ ಅಂಟಿಸಿ ಇಡುತ್ತದೆ, ಹಾಗಾಗಿ ಮಾಡಿಗೆಂದು ತಂದ ಗರಿಯ ಜೊತೆಯಲ್ಲೇ ಮನೆ ಸೇರಿಬಿಡುತ್ತದೆ. ಮಧ್ಯ ಅಮೆರಿಕದಲ್ಲಿ ಅದು ಮನೆಗಳಲ್ಲಿ ಮಾತ್ರ ಇತ್ತು, ಔಷಧಿಗೆ ಅಳಿಯಿತು. ಈ ಹುಳದಿಂದ ರೋಗ ಹರಡುವುದು ನಿಂತಿತೆಂಬ ಮಾನ್ಯತೆ ಗ್ವಾಟೆಮಾಲಾಕ್ಕೆ 2008ರಲ್ಲಿ ಸಿಕ್ಕಿತು. ವೆನೆಜುವೆಲಾ ಮತ್ತು ಕೊಲಂಬಿಯಾದ ಬಯಲುಗಳಲ್ಲಿ ಅದೇ ಹುಳ ಮನೆ ಪಕ್ಕದ ತಾಳೆಮರದ ತಲೆಯಲ್ಲೂ ಬದುಕುತ್ತದೆ. ಅಲ್ಲಿ ಇವತ್ತು ಔಷಧಿ ಹೊಡೆದರೆ ಕೆಲವೇ ತಿಂಗಳಲ್ಲಿ ಮತ್ತೆ ಹಾಜರು. ಆ ಬಯಲುಗಳಲ್ಲಿ ಗರಿಮಾಡನ್ನು ತಗಡಿಗೆ ಬದಲಿಸುವುದು, ಮನೆಗೆ ತಾಗಿದ ತಾಳೆಮರದ ಒಣಗರಿ ಕಳೆಯುವುದು, ಕಾವಲು ಬಿಡದಿರುವುದು ಹೆಚ್ಚು ಬಾಳಿಕೆಯ ಕೆಲಸ.

ಮೆಕ್ಸಿಕೊದಿಂದ ಈಕ್ವೆಡಾರ್‌ವರೆಗೆ ಹರಡಿರುವ ಟ್ರಯಾಟೋಮಾ ಡಿಮಿಡಿಯಾಟಾ ಕೆಳಗಿನ ವಾಸಿ: ಮಣ್ಣಿನ ನೆಲ, ಗೋಡೆಯ ತಳದ ಬಿರುಕು, ಮೂಲೆಯಲ್ಲಿ ಪೇರಿಸಿದ ಸೌದೆ. ಅದರ ಮರಿ ಮೈಮೇಲೆ ಮಣ್ಣಿನ ಪುಡಿ ಹೊದ್ದು ಕೂರುವುದರಿಂದ ಕಣ್ಣೆದುರಿಗಿದ್ದರೂ ಮಣ್ಣಿನ ಉಂಡೆಯೆಂದೇ ಕಾಣುತ್ತದೆ. ಈಶಾನ್ಯ ಬ್ರೆಜಿಲ್‌ನ ಒಣನಾಡಿನಲ್ಲಿ ಟ್ರಯಾಟೋಮಾ ಬ್ರೆಸಿಲಿಯೆನ್ಸಿಸ್ ಬಂಡೆಗಳ ಸಂದಿನಿಂದ ಮನೆಗೆ ಬರುತ್ತಲೇ ಇರುತ್ತದೆ. ಈ ಎರಡಕ್ಕೂ ಒಂದೇ ಸಲದ ಔಷಧಿಯಲ್ಲಿ ಮುಕ್ತಿಯಿಲ್ಲ.

ಔಷಧಿ ಸಿಂಪಡಣೆ: ಬೇಗ ಕೆಲಸ, ಕಡಿಮೆ ಆಯಸ್ಸು

ಮನೆಯೊಳಗೆ ಹುಳ ತುಂಬಿದ್ದರೆ ಮೊದಲ ಹೆಜ್ಜೆ ಇದೇ. ಇದಕ್ಕಿಂತ ಬೇಗ ಸಂಖ್ಯೆ ಇಳಿಸುವ ಬೇರೆ ದಾರಿಯಿಲ್ಲ. ಮಲೇರಿಯಾದವರು ನಮ್ಮ ಹಳ್ಳಿಗಳಲ್ಲಿ ಹೊಡೆಯುತ್ತಿದ್ದ ಡಿಡಿಟಿ ಈ ಹುಳಕ್ಕೆ ನಾಟಲೇ ಇಲ್ಲ. 1940ರ ದಶಕದ ಕೊನೆಯಲ್ಲಿ ಬ್ರೆಜಿಲ್‌ನಲ್ಲಿ ಮೊದಲು ಫಲ ಕೊಟ್ಟದ್ದು ನಮ್ಮ ಹಿರಿಯ ರೈತರು ಬಲ್ಲ ಗ್ಯಾಮಕ್ಸಿನ್. ಈಗ ಬಳಕೆಯಲ್ಲಿರುವುದು ಪೈರೆಥ್ರಾಯ್ಡ್ ಎಂಬ ವರ್ಗದ ಕೀಟನಾಶಕಗಳು: ಡೆಲ್ಟಾಮೆತ್ರಿನ್ ಚದರ ಮೀಟರಿಗೆ 25 ಮಿಲಿಗ್ರಾಂ, ಲ್ಯಾಂಬ್ಡಾ-ಸೈಹ್ಯಾಲೋತ್ರಿನ್ 30, ಆಲ್ಫಾ-ಸೈಪರ್‌ಮೆತ್ರಿನ್ 50.

ಲೆಕ್ಕ ಹೀಗೆ. 4 ಮೀಟರ್ ಉದ್ದ, 3 ಮೀಟರ್ ಅಗಲ, 2.5 ಮೀಟರ್ ಎತ್ತರದ ಕೋಣೆಗೆ ಗೋಡೆ 35 ಚದರ ಮೀಟರ್, ಮಾಡಿನ ಒಳಮೈ 12, ಒಟ್ಟು 47. ಶೇ. 2.5ರ ಡೆಲ್ಟಾಮೆತ್ರಿನ್ ದ್ರವದ ಒಂದು ಮಿಲಿಲೀಟರಿನಲ್ಲಿ 25 ಮಿಲಿಗ್ರಾಂ ಇರುತ್ತದೆ, ಹಾಗಾಗಿ 47 ಮಿಲಿಲೀಟರ್ ಬೇಕು. ಚದರ ಮೀಟರಿಗೆ 40 ಮಿಲಿಲೀಟರ್ ನೀರಿನ ಲೆಕ್ಕದಲ್ಲಿ ಒಟ್ಟು ದ್ರಾವಣ ಸುಮಾರು 1.9 ಲೀಟರ್. ಹಸಿ ಇಟ್ಟಿಗೆಯ ಗೋಡೆ ಇದಕ್ಕಿಂತ ಹೆಚ್ಚು ನೀರು ಕುಡಿಯುತ್ತದೆ. ಮೊದಲು ಬರೀ ನೀರು ಹೊಡೆದು, ಕೆಳಗಿಳಿಯುವ ಮುನ್ನ ಎಷ್ಟು ಹಿಡಿಯಿತೆಂದು ನೋಡಿ. ಗೋಡೆ 80 ಮಿಲಿಲೀಟರ್ ಬೇಡಿದರೆ ನೀರು ಇಮ್ಮಡಿ ಮಾಡಿ, ಔಷಧಿ ಅದೇ 47 ಇರಲಿ. ನೀರಿನ ಜೊತೆ ಔಷಧಿಯನ್ನೂ ಇಮ್ಮಡಿ ಮಾಡುವುದು, ಇಲ್ಲವೇ ಅದೇ ದ್ರಾವಣವನ್ನು ಅರ್ಧ ಗೋಡೆಗೇ ಮುಗಿಸುವುದು, ಇವೆರಡೂ ಪದೇ ಪದೇ ಆಗುವ ತಪ್ಪುಗಳು.

ಪಂಪಿನ ನಳಿಕೆ 8002 ಅಳತೆಯ ಚಪ್ಪಟೆ ಬೀಸಣಿಗೆಯದಿರಲಿ, ಒತ್ತಡ 25ರಿಂದ 55 ಪಿಎಸ್‌ಐ. ಒಂದು ನಿಮಿಷ ಅಳತೆ ಪಾತ್ರೆಗೆ ಹೊಡೆದರೆ ಸುಮಾರು 760 ಮಿಲಿಲೀಟರ್ ಬರಬೇಕು. ಬಹಳ ಹೆಚ್ಚು ಬಂದರೆ ನಳಿಕೆ ಸವೆದಿದೆ, ಬದಲಿಸಿ. ತುದಿ ಗೋಡೆಯಿಂದ 45 ಸೆಂಟಿಮೀಟರ್ ದೂರ, ಪ್ರತಿ ಪಟ್ಟೆ 75 ಸೆಂಟಿಮೀಟರ್ ಅಗಲ, ಮುಂದಿನದರ ಮೇಲೆ 5 ಸೆಂಟಿಮೀಟರ್ ಹೊದಿಕೆ, ಒಂದು ಮೀಟರಿಗೆ ಸುಮಾರು 2.2 ಸೆಕೆಂಡ್. ಸೊಳ್ಳೆ ಗೋಡೆಯ ಮೈಮೇಲೆ ಕೂರುತ್ತದೆ, ಈ ಹುಳ ಗೋಡೆಯ ಒಳಗೆ. ಆದ್ದರಿಂದ ಬಿರುಕುಗಳ ಮುಂದೆ ತುದಿಯನ್ನು ಹತ್ತಿರ ಒಯ್ದು ನಿಧಾನ ಮಾಡಬೇಕು. ಮಂಚದ ಅಡಿ, ಮಾಡಿನ ತೊಲೆ, ಬಾಗಿಲ ಚೌಕಟ್ಟಿನ ಹಿಂದೆ ತಪ್ಪಬಾರದು. ಇದು ತರಬೇತಿ ಪಡೆದವರ ಕೆಲಸ: ಕೈಗವಸು, ಮುಖಗವಸು, ಕನ್ನಡಕ ಇರಲೇಬೇಕು. ಆಹಾರ, ಪಾತ್ರೆ, ಹಾಸಿಗೆ, ಪ್ರಾಣಿ ಎಲ್ಲ ಹೊರಗೆ. ಒಣಗುವವರೆಗೆ, ಕಡಿಮೆಯೆಂದರೆ 2 ಗಂಟೆ, ಯಾರೂ ಒಳಹೋಗಬಾರದು. ನಂತರ ಸತ್ತ ಹುಳಗಳನ್ನು ಕೈಗವಸು ಹಾಕಿ ಗುಡಿಸಿ ಹೂಳಬೇಕು. ನಾಯಿ ಅವನ್ನು ತಿಂದರೆ ಅದಕ್ಕೂ ಸೋಂಕು ತಗಲಬಹುದು.

ಸಿಂಪಡಣೆ ಸೋಲುವುದಕ್ಕೆ ಮೂರು ಕಾರಣಗಳಿವೆ. ಪೈರೆಥ್ರಾಯ್ಡ್ ಮೊಟ್ಟೆಯನ್ನು ಸರಿಯಾಗಿ ಕೊಲ್ಲುವುದಿಲ್ಲ. ಆಮೇಲೆ ಹೊರಬಂದ ಮರಿಯನ್ನು ಗೋಡೆಯಲ್ಲಿ ಉಳಿದ ಔಷಧಿಯೇ ಕೊಲ್ಲಬೇಕು. ಎರಡನೆಯದು, ಆ ಉಳಿಕೆಯ ಬಾಳಿಕೆ. ಮಣ್ಣು ಅದನ್ನು ಒಳಕ್ಕೆ ಎಳೆದುಕೊಳ್ಳುತ್ತದೆ, ಸುಣ್ಣದ ಕ್ಷಾರ ಒಡೆಯುತ್ತದೆ, ಹೊರಗಿನ ದೊಡ್ಡಿಗಳಲ್ಲಿ ಬಿಸಿಲು, ಮಳೆ, ಧೂಳು ವಾರಗಳಲ್ಲೇ ಮುಗಿಸುತ್ತವೆ. ಹಬ್ಬಕ್ಕೆಂದು ಸಿಂಪಡಣೆಯ ಮೇಲೆ ಸುಣ್ಣ ಬಳಿದರೆ ಮಾಡಿದ ಕೆಲಸವೆಲ್ಲ ಹೋಯಿತು. ಮೂರನೆಯದು ನಿರೋಧಕತೆ. ಉತ್ತರ ಅರ್ಜೆಂಟೀನಾದ ಸಾಲ್ಟಾ ಪ್ರಾಂತ್ಯದಲ್ಲೂ ಬೊಲಿವಿಯಾದ ಚಾಕೊ ಎಂಬ ಒಣ ಬಯಲಿನಲ್ಲೂ ವಿಂಚುಕಾ ಪೈರೆಥ್ರಾಯ್ಡ್‌ಗಳಿಗೆ ಬಗ್ಗದ ಹಂತ ತಲುಪಿದೆ. ಕೆಲವು ವಾರಗಳ ನಂತರ ಬರೀ ಪುಟ್ಟ ಮರಿಗಳು ಕಂಡರೆ ಅವು ಮೊಟ್ಟೆಯಿಂದ ಬಂದವು, ಎರಡನೇ ಸುತ್ತು ಸಾಕು. ದೊಡ್ಡ ಮರಿಗಳು, ಬೆಳೆದ ಹುಳಗಳು ಓಡಾಡುತ್ತಿದ್ದರೆ ಒಂದೋ ಮೂಲೆಗಳು ತಪ್ಪಿವೆ, ಇಲ್ಲವೇ ಔಷಧಿ ನಾಟುತ್ತಿಲ್ಲ. ಎರಡನೆಯದಾದರೆ ಅದೇ ಔಷಧಿಯ ಪ್ರಮಾಣ ಏರಿಸುವುದು ನಿರೋಧಕತೆಯನ್ನು ಬೆಳೆಸುವ ದಾರಿ. ಮ್ಯಾಲಾಥಿಯಾನ್, ಫೆನಿಟ್ರೋಥಿಯಾನ್‌ನಂಥ ಬೇರೆ ವರ್ಗಕ್ಕೆ ಹೋಗಬೇಕು. ಅವುಗಳ ವಾಸನೆಗೆ ಮನೆಯವರು ಬೇಸರಿಸುತ್ತಾರೆ ಎಂಬುದನ್ನು ಮೊದಲೇ ಹೇಳಿ ಒಪ್ಪಿಸಿಕೊಳ್ಳುವುದು ಒಳ್ಳೆಯದು.

ಗಿಲಾವು ಮತ್ತು ನೆಲ: ನಿಧಾನ, ಆದರೆ ಉಳಿಯುವಂಥದ್ದು

ಔಷಧಿ ಹುಳವನ್ನು ಕೊಲ್ಲುತ್ತದೆ, ಗಿಲಾವು ಅದರ ಅಡಗುತಾಣವನ್ನೇ ಕಳೆಯುತ್ತದೆ. ಹೊರಗಿನಿಂದ ಮತ್ತೆ ಮತ್ತೆ ಬರುವ ಡಿಮಿಡಿಯಾಟಾದಂಥ ಹುಳಕ್ಕೆ ನಮ್ಮ ಆಯ್ಕೆ ಇದು, ಎರಡು ಮಾತಿಲ್ಲ. ಗ್ವಾಟೆಮಾಲಾದ ಹುಟಿಯಾಪಾ ಪ್ರಾಂತ್ಯದಲ್ಲಿ ಸಾನ್ ಕಾರ್ಲೋಸ್ ವಿಶ್ವವಿದ್ಯಾಲಯದ ಸಂಶೋಧಕರು ಹಳ್ಳಿಗರ ಜೊತೆ ಸೇರಿ ಇದನ್ನು ಮಾಡಿ ತೋರಿಸಿದ್ದಾರೆ. ದುಬಾರಿ ಸಿಮೆಂಟಿನ ಬದಲು ಊರಲ್ಲೇ ಸಿಗುವ ಮಣ್ಣು, ಮರಳು, ಜ್ವಾಲಾಮುಖಿಯ ಬೂದಿ ಮತ್ತು ಸುಣ್ಣದಿಂದ ಗೋಡೆಗೆ ಗಿಲಾವು, ಮಣ್ಣಿನ ನೆಲಕ್ಕೆ ಗಟ್ಟಿ ಹೊದಿಕೆ, ಕೋಳಿಗಳಿಗೆ ಹೊರಗೆ ಗೂಡು. ತಮ್ಮ ಕೈಯಾರೆ ರಿಪೇರಿ ಮಾಡಿಕೊಳ್ಳಬಲ್ಲ ಸಾಮಗ್ರಿಯಾದ್ದರಿಂದ ಬಿರುಕು ಬಿಟ್ಟಾಗ ಮತ್ತೊಬ್ಬರ ದಾರಿ ಕಾಯಬೇಕಿಲ್ಲ.

ಹಳೆಯ ಸಡಿಲ ಮಣ್ಣನ್ನು ಕೆರೆದು, ಬಿರುಕನ್ನು ಅಗಲಿಸಿ, ನೀರು ಚಿಮುಕಿಸಿ, ಆಮೇಲೆ ತುಂಬಬೇಕು. ಒಣ ಬಿರುಕಿಗೆ ಮೇಲಿಂದ ಸವರಿದ ಗಾರೆ ಒಂದೇ ಬೇಸಿಗೆಯಲ್ಲಿ ಎದ್ದುಬರುತ್ತದೆ, ಅದರ ಹಿಂದಿನ ಟೊಳ್ಳು ಹುಳಕ್ಕೆ ಮೊದಲಿಗಿಂತ ಒಳ್ಳೆಯ ಮನೆ. ಮೊದಲ ಪದರ ಒಣಗಿ ಬಿರಿದ ಮೇಲೆ ಎರಡನೆಯದು. ಗೋಡೆಯ ಹೊರಮೈ, ಮಂಚದ ಹಿಂಭಾಗ, ಗೋಡೆ ಮಾಡಿಗೆ ಕೂಡುವ ಅಂಚು, ಗೋಡೆ ನೆಲಕ್ಕೆ ಕೂಡುವ ಅಂಚು ಬಿಡಬಾರದು. ಕಣ್ಣಿಗೆ ಕಾಣುವ ಒಳಗೋಡೆಯನ್ನಷ್ಟೇ ನುಣುಪು ಮಾಡಿಸಿ ಕೈತೊಳೆದುಕೊಂಡ ಮನೆಗಳಲ್ಲಿ ಹುಳ ಉಳಿದುಬಿಡುತ್ತದೆ.

ಔಷಧಿ, ಗಿಲಾವು ಎರಡೂ ಮಾಡುವುದಾದರೆ ಯಾವುದು ಮೊದಲು? ಹುಳ ತುಂಬಿರುವ ಮನೆಗೆ ಮೊದಲು ಔಷಧಿ, ಹುಳ ಸತ್ತ ಮೇಲೆ ಗಿಲಾವು, ಸುಣ್ಣದ ಗಿಲಾವು ಪೂರ್ತಿ ಒಣಗಿದ ಮೇಲೆ ಬೇಕಿದ್ದರೆ ಇನ್ನೊಂದು ಸಿಂಪಡಣೆ. ಕೈಯಲ್ಲಿ ದುಡ್ಡು ಒಂದಕ್ಕೇ ಸಾಲುವಂತಿದ್ದರೆ, ಕಾಡಿನ ಕಾಟವಿಲ್ಲದ ಊರಲ್ಲಿ ಊರಿಗೂರೇ ಸಿಂಪಡಣೆ, ಕಾಡಿನಂಚಿನ ಊರಲ್ಲಿ ಗಿಲಾವು.

ಕೋಳಿ, ನಾಯಿ

ಹಕ್ಕಿಗಳಿಗೆ ಕ್ರೂಜಿ ಸೋಂಕು ತಗಲುವುದಿಲ್ಲ. ಇದನ್ನು ಕೇಳಿ ಕೋಳಿ ಮನೆಯೊಳಗಿದ್ದರೆ ಒಳ್ಳೆಯದೆಂದು ತಿಳಿಯುವವರಿದ್ದಾರೆ. ತದ್ವಿರುದ್ಧ. ಕೋಳಿ ಹುಳಕ್ಕೆ ಅಕ್ಷಯಪಾತ್ರೆ: ಹುಳದ ಸಂಖ್ಯೆ ಹೆಚ್ಚುತ್ತದೆ, ಪರಾವಲಂಬಿಯನ್ನು ಅವಕ್ಕೆ ಒದಗಿಸಲು ಅದೇ ಕೋಣೆಯಲ್ಲಿ ನಾಯಿ ಇದ್ದೇ ಇರುತ್ತದೆ. ಸೋಂಕಿತ ನಾಯಿಯಿಂದ ಹುಳಕ್ಕೆ ಪರಾವಲಂಬಿ ದಾಟುವುದು ಸೋಂಕಿತ ಮನುಷ್ಯನಿಂದ ದಾಟುವುದಕ್ಕಿಂತ ಬಹಳ ಸುಲಭ. ಚಾಕೊದ ಮನೆಗಳಲ್ಲಿ ಮಂಚದಡಿಯಲ್ಲೇ ಕೋಳಿ ಕಾವಿಗೆ ಕೂರುವುದು ವಾಡಿಕೆ. ಆಂಡೀಸ್‌ನಲ್ಲಿ ಗಿನಿಪಿಗ್‌ಗಳನ್ನು ಅಡುಗೆಮನೆಯಲ್ಲೇ ಸಾಕುತ್ತಾರೆ, ಅವು ಸೋಂಕನ್ನೂ ಹೊರುತ್ತವೆ. ಪೆರುವಿನ ಅರೆಕೀಪಾ ನಗರದ ಬಡಾವಣೆಗಳಲ್ಲಿ ವಿಂಚುಕಾ ಬೀಡುಬಿಟ್ಟದ್ದಕ್ಕೆ ಈ ಸಾಕಣೆಯ ನೆರವೂ ಇತ್ತು. ಗೂಡನ್ನು ಹೊರಗೆ ತಂತಿ ಬಲೆ ಮತ್ತು ತಗಡಿನಲ್ಲಿ, ನೆಲದಿಂದ ಎತ್ತರಿಸಿ ಕಟ್ಟಿ. ಹಸಿ ಇಟ್ಟಿಗೆ, ಮುಳ್ಳುಕೊಂಪೆ ಬೇಡ. ಚೆಲುವಾಗಿ ಕಾಣುವ ಗೂಡಿಗಿಂತ ಸಂದಿಲ್ಲದ, ಒಂದು ನೋಟಕ್ಕೆ ಪೂರ್ತಿ ಕಾಣುವ ಗೂಡು ಮೇಲು. ನಾಯಿಗೆ ಡೆಲ್ಟಾಮೆತ್ರಿನ್ ಪಟ್ಟಿ ಕಟ್ಟುವುದು, ನಿರೋಧಕ ಹುಳವಿರುವ ಕಡೆ ಪಶುವೈದ್ಯರ ಸಲಹೆಯಂತೆ ಫ್ಲೂರಲೇನರ್ ಮಾತ್ರೆ ಕೊಡುವುದು ಭರವಸೆಯ ಜೊತೆದಾರಿಗಳು. ಅವು ಸಿಂಪಡಣೆಗೆ ಬದಲಿಯಲ್ಲ.

ಟೆಕ್ಸಸ್, ಅರಿಜೋನಾದ ಮನೆಗಳಿಗೆ

ಇಲ್ಲಿ ಹುಳಗಳು ಬೇರೆ: ಟೆಕ್ಸಸ್‌ನಲ್ಲಿ ಗೆರ್‌ಸ್ಟೇಕೆರಿ, ಪೂರ್ವಕ್ಕೆ ಸ್ಯಾಂಗ್ವಿಸುಗಾ, ಅರಿಜೋನಾ-ಕ್ಯಾಲಿಫೋರ್ನಿಯಾದಲ್ಲಿ ರುಬಿಡಾ ಮತ್ತು ಪ್ರೊಟ್ರಾಕ್ಟಾ. ಮುಖ್ಯ ನೆಲೆ ಕಾಡಿಲಿಯ ಗೂಡು. ಬೇಸಿಗೆಯ ರಾತ್ರಿ ಬೆಳಕಿಗೆ ಹಾರುತ್ತವೆ. ಸೋಂಕು ಹೊತ್ತ ಹುಳ ಕಡಿಮೆಯೇನಿಲ್ಲ, ಆದರೆ ಮನೆಯಲ್ಲಿ ಸಂಸಾರ ಹೂಡುವುದು ಅಪರೂಪ. ಆದ್ದರಿಂದ ಗೋಡೆಗೆಲ್ಲ ಔಷಧಿ ಹೊಡೆಸುವ ಖರ್ಚು ವ್ಯರ್ಥ, ತಡೆಯುವುದೇ ಸರಿ. ಹರಿದ ಜಾಲರಿ ಸರಿಪಡಿಸಿ, ಬಾಗಿಲಡಿಯ ಸಂದಿಗೆ ಪಟ್ಟಿ ಹಾಕಿಸಿ, ಪೈಪು ಗೋಡೆ ಹೊಗುವ ತೂತು ಮುಚ್ಚಿ. ಹೊರದೀಪ ಬಾಗಿಲಿನಿಂದ ದೂರವಿರಲಿ, ಬೇಡದಾಗ ಆರಿಸಿ. ಸೌದೆ, ಕಲ್ಲಿನ ರಾಶಿ ಮನೆಗೆ ತಾಗಿರಬಾರದು. ನಾಯಿಯನ್ನು ರಾತ್ರಿ ಒಳಗೆ ಮಲಗಿಸಿ: ಇಲ್ಲಿ ಹೆಚ್ಚು ಅಪಾಯದಲ್ಲಿರುವುದು ಅದೇ, ಅದರಲ್ಲೂ ಟೆಕ್ಸಸ್‌ನಲ್ಲಿ ಹೊರಗೂಡಿನಲ್ಲಿ ಇರುವ ನಾಯಿಗಳು. ಚಾಕೊದಲ್ಲಿ ನಾಯಿ ಹೊರಗೆ, ಟೆಕ್ಸಸ್‌ನಲ್ಲಿ ನಾಯಿ ಒಳಗೆ. ಎರಡೂ ಸರಿ, ಹುಳ ಎಲ್ಲಿದೆಯೆಂಬುದರ ಮೇಲೆ.

ಮರಿಗಳು ಸಿಕ್ಕರೆ ಮಾತ್ರ ಲೈಸೆನ್ಸ್ ಇರುವ ಕೀಟ ನಿಯಂತ್ರಕರನ್ನು ಕರೆಸಿ, ಕಾಡಿಲಿಯ ಗೂಡು ಮನೆಯಡಿ ಇದೆಯೇ ನೋಡಿಸಿ. ಜಿರಳೆಯ ಬೋನು, ಆಮಿಷದ ಜೆಲ್ ತರುವುದು ಬೇಡ. ರಕ್ತ ಬಿಟ್ಟು ಬೇರೇನೂ ತಿನ್ನದ ಹುಳ ಅದನ್ನು ಮುಟ್ಟುವುದಿಲ್ಲ. ಡೆಂಗಿಗೆ ಬಿಡುವಂಥ ಹೊಗೆಯೂ ಸಂದಿನ ಒಳಗೆ ಉಳಿಯದು. ಮನೆಗೆ ಬೀಗ ಹಾಕಿ ಊರಿಗೆ ಹೋಗಿ ಬಂದರೆ ಹಸಿದು ಸಾಯುತ್ತವೆಂದೂ ಎಣಿಸಬೇಡಿ, ತಿಂಗಳುಗಟ್ಟಲೆ ಉಪವಾಸ ತಡೆಯುತ್ತವೆ.

ಅಮೆಜಾನ್ ಕಡೆ ಹೋಗುವವರಿಗೆ ಮನೆಗಿಂತ ಲೋಟದ ಚಿಂತೆ ಹೆಚ್ಚು. ಹಣ್ಣಿನ ಜೊತೆ ಹುಳವೂ ಅರೆದುಹೋದರೆ ಸೋಂಕು ನೇರ ಹೊಟ್ಟೆಗೆ. 2005ರಲ್ಲಿ ದಕ್ಷಿಣ ಬ್ರೆಜಿಲ್‌ನ ಸಾಂತಾ ಕಾತರೀನಾದಲ್ಲಿ ಕಬ್ಬಿನ ಹಾಲಿನಿಂದ ಹಾಗೆ ರೋಗ ಹರಡಿತು. ಬಿಸಿನೀರಿನಲ್ಲಿ ಅದ್ದದ, ಪಾಶ್ಚರೀಕರಿಸದ ಅಸಾಯ್ ಎಂಬ ತಾಳೆಹಣ್ಣಿನ ರಸ ಕುಡಿಯಬೇಡಿ.

ಹುಳ ಸಿಕ್ಕಾಗ

ಬರಿಗೈಯಲ್ಲಿ ಹಿಸುಕಬೇಡಿ. ಡಬ್ಬಿ ಮಗುಚಿ ಮುಚ್ಚಿ, ಅಡಿಯಿಂದ ರಟ್ಟು ತೂರಿಸಿ ಹಿಡಿದು ಫ್ರೀಜರಿನಲ್ಲಿಡಿ, ಇಲ್ಲವೇ ಡಬ್ಬಿಗೆ ಸ್ಪಿರಿಟ್ ಸುರಿಯಿರಿ. ಸಿಕ್ಕ ದಿನ, ಸಿಕ್ಕ ಜಾಗ ಚೀಟಿಯಲ್ಲಿ ಬರೆದು ಆರೋಗ್ಯ ಇಲಾಖೆಗೋ ಹುಳ ಪರೀಕ್ಷಿಸುವ ವಿಶ್ವವಿದ್ಯಾಲಯಕ್ಕೋ ಕೊಡಿ. ಹುಳ ಓಡಾಡಿದ ಜಾಗವನ್ನು 1 ಪಾಲು ಬ್ಲೀಚಿಗೆ 9 ಪಾಲು ನೀರು ಸೇರಿಸಿ ಒರೆಸಿ. ಕಚ್ಚಿದ ಗುರುತಿದ್ದರೆ ಕೆರೆಯದೆ ಸೋಪಿನಲ್ಲಿ ತೊಳೆಯಿರಿ. ಮುಂದಿನ ವಾರಗಳಲ್ಲಿ ಜ್ವರ ಬಂದರೆ ಅಥವಾ ಒಂದೇ ಕಣ್ಣಿನ ರೆಪ್ಪೆ ಊದಿದರೆ ವೈದ್ಯರಿಗೆ ಹುಳದ ವಿಷಯ ತಪ್ಪದೆ ಹೇಳಿ. ಮೊದಲ ಎರಡು ತಿಂಗಳವರೆಗೆ ರಕ್ತದಲ್ಲೇ ಪರಾವಲಂಬಿಯನ್ನು ಹುಡುಕಬಹುದು. ಆಮೇಲೆ ಬೇರೆ ಬೇರೆ ಬಗೆಯ ಎರಡು ಆ್ಯಂಟಿಬಾಡಿ ಪರೀಕ್ಷೆಗಳು ಬೇಕು. ಬೆನ್ಜ್‌ನಿಡಜೋಲ್ ಮತ್ತು ನಿಫರ್ಟಿಮಾಕ್ಸ್ ಎಂಬ ಎರಡು ಮದ್ದುಗಳಿವೆ, ಬೇಗ ಶುರುಮಾಡಿದಷ್ಟೂ ಗುಣ ಹೆಚ್ಚು. ಊರಿಗೆ ಮರಳಿದ ಮೇಲೆ ಹೃದಯದ ತೊಂದರೆ ಕಾಣಿಸಿಕೊಂಡರೆ, ಎಷ್ಟೇ ವರ್ಷ ಕಳೆದಿರಲಿ, ಯಾವ ಊರಿನ ಎಂಥ ಮನೆಯಲ್ಲಿ ಇದ್ದಿರೆಂದು ಇಲ್ಲಿನ ವೈದ್ಯರಿಗೆ ನೀವಾಗಿಯೇ ತಿಳಿಸಿ. ನಮ್ಮಲ್ಲಿ ಯಾರೂ ಆ ಪ್ರಶ್ನೆಯನ್ನು ತಾವಾಗಿ ಕೇಳುವುದಿಲ್ಲ.